ತೆಗಿ ಮೇಷ್ಟ್ರು

ಸತ್ತವರ ಬಗ್ಗೆ ಕೆಟ್ಟ ಮಾತು ಆಡಬಾರದು ಅನ್ನುತ್ತಾರೆ. ಬದುಕಿದ್ದಾಗ ಆಡಲು ಧೈರ್ಯ ಇರಲಿಲ್ಲ, ಸತ್ತ ಮೇಲೆ ಆಡಬಾರದು. ಹಾಗಾದರೆ ನನ್ನಂಥವಳು ಯಾವಾಗ ಆಡಬೇಕು? ಮೇಷ್ಟ್ರು ತೀರಿಕೊಂಡ ಸುದ್ದಿ ಕಾಲೇಜಿನ ವಾಟ್ಸಾಪ್ ಗುಂಪಿಗೆ ಬಂದಾಗ ಎಲ್ಲರೂ ಕೈಮುಗಿದ ಚಿತ್ರ ಹಾಕಿದರು. ನಾನೂ ಹಾಕಿದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಇಷ್ಟು ವರ್ಷ ಅವರ ಕೆಳಗೆ ನಾನು ಕೈಮುಗಿದುಕೊಂಡೇ ದುಡಿದದ್ದು.

ಮದ್ದೂರಿನ ನಮ್ಮ ಖಾಸಗಿ ಡಿಗ್ರಿ ಕಾಲೇಜಿನಲ್ಲಿ ಅವರು ಸಸ್ಯಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿದ್ದರು. ಅದೇ ವಿಭಾಗದಲ್ಲಿ ನಾನು ಅತಿಥಿ ಉಪನ್ಯಾಸಕಿ. ಆಗಲೂ ಅತಿಥಿ, ಈಗಲೂ ಅತಿಥಿ. ಇಷ್ಟು ದೀರ್ಘಕಾಲ ಉಳಿದುಕೊಂಡ ಅತಿಥಿಯನ್ನು ಬೇರೆ ಯಾವ ಮನೆಯವರೂ ಸಹಿಸಲಾರರು. ಬೆಳಕವಾಡಿಯಿಂದ ಮಳವಳ್ಳಿಗೆ ಒಂದು ಬಸ್ಸು, ಮಳವಳ್ಳಿಯಿಂದ ಮದ್ದೂರಿಗೆ ಇನ್ನೊಂದು ಬಸ್ಸು ಹಿಡಿದು ಬರುವ ನನಗೆ ಅವರು ದಿನಾ ಕೇಳುತ್ತಿದ್ದ ಮೊದಲ ಪ್ರಶ್ನೆ, "ಸೀಟ್ ಸಿಕ್ತಾ?" ಎಂದು. ನಿಂತುಕೊಂಡು ಬಂದೆ ಎಂದರೆ ನಿಜವಾಗಿಯೂ ಮರುಗುತ್ತಿದ್ದರು. ಕಾಯಂ ಆದವರಿಗೆ ಅವರು ಈ ಪ್ರಶ್ನೆ ಕೇಳುತ್ತಿರಲಿಲ್ಲ. ಅವರೆಲ್ಲ ಕಾರಿನಲ್ಲಿ ಬರುತ್ತಿದ್ದರು.

ಹುಡುಗರು ಅವರನ್ನು ಹಿಂದಿನಿಂದ 'ತೆಗಿ ಮೇಷ್ಟ್ರು' ಎನ್ನುತ್ತಿದ್ದರು. ಕಾಲೇಜಿನಲ್ಲಿ ಯಾವ ಕಾರ್ಯಕ್ರಮವಾದರೂ, ಯಾವ ಕಮಿಟಿ ಬಂದರೂ, ಪರದೆಯ ಮೇಲೆ ತೋರಿಸುವ ಸ್ಲೈಡುಗಳು ಮೊದಲು ಅವರ ಕಣ್ಣಿನಡಿ ಹಾದು ಹೋಗಬೇಕಿತ್ತು. ಪ್ರಿನ್ಸಿಪಾಲರು ಬದಲಾದರೂ ಈ ಪದ್ಧತಿ ಬದಲಾಗಲಿಲ್ಲ. ಸ್ಲೈಡು ಮಾಡಿದವರೇ ಕಂಪ್ಯೂಟರಿನ ಮುಂದೆ ಕೂರಬೇಕು. ಮೇಷ್ಟ್ರು ಕುರ್ಚಿಯ ಹಿಂದೆ, ಎರಡೂ ಕೈ ಬೆನ್ನಿಗೆ ಕಟ್ಟಿಕೊಂಡು ನಿಲ್ಲುತ್ತಿದ್ದರು. ಪರದೆಯ ಎಡಬದಿಯಲ್ಲಿ ಸಣ್ಣ ಚಿತ್ರಗಳಾಗಿ ಸಾಲು ನಿಂತ ಸ್ಲೈಡುಗಳನ್ನು ಬದುವಿನ ಮೇಲೆ ನಿಂತು ಗದ್ದೆಯ ಕಳೆ ನೋಡುವವರಂತೆ ಮೇಲಿನಿಂದ ಕೆಳಗೆ ನೋಡುತ್ತಿದ್ದರು. ಆಮೇಲೆ ಗಲ್ಲವನ್ನು ಒಂದಿಷ್ಟು ಮುಂದೆ ಚಾಚಿ, "ಅದರ ಮ್ಯಾಲೆ ಒತ್ತು. ಆ, ಅದೇಯ. ತೆಗಿ" ಎನ್ನುತ್ತಿದ್ದರು.

ಕೀಲಿಮಣೆಯನ್ನು ಅವರು ಯಾವತ್ತೂ ಮುಟ್ಟಲಿಲ್ಲ. ಬರುತ್ತಿರಲಿಲ್ಲವೆಂದಲ್ಲ, ನಮಗೆಲ್ಲ ಕಲಿಸಿದವರೇ ಅವರು. ಅದು ಅವರ ನೇಮ. ಇಂಗ್ಲಿಷ್ ವಿಭಾಗದವರೊಬ್ಬರು ಬೇಸತ್ತು, "ನೀವೇ ತೆಗೆದುಬಿಡಿ ಸಾರ್" ಎಂದು ಎದ್ದಾಗ ಮೇಷ್ಟ್ರು ಅವರ ಭುಜ ಹಿಡಿದು ಮತ್ತೆ ಕೂರಿಸಿದ್ದನ್ನು ನಾನೇ ನೋಡಿದ್ದೇನೆ.

"ನಿಮ್ ಕೈಲೇ ತೆಗೀಬೇಕು ಕಣ್ರೀ. ನಾನ್ ತೆಗುದ್ರೆ ಕಿತ್ಕಂಡಂಗೆ ಆಯ್ತದೆ. ನೀವ್ ತೆಗುದ್ರೆ ಬುಟ್ಕೊಟ್ಟಂಗೆ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅವರ ಮೂವತ್ತು ಚಿಲ್ಲರೆ ವರ್ಷದ ನೌಕರಿಯಲ್ಲಿ 'ಮೇಷ್ಟ್ರು ನನ್ನದನ್ನು ತೆಗೆದರು' ಎಂದು ಯಾರೂ ದೂರು ಕೊಡಲು ಆಗಲಿಲ್ಲ. ತೆಗೆದ ಬೆರಳು ಅವರವರದೇ ಆಗಿರುತ್ತಿತ್ತು. ತೆಗೆದ ಕೂಡಲೇ ಇನ್ನೊಂದು ಮಾತು ಬರುತ್ತಿತ್ತು: "ಸೇವ್ ಮಾಡು. ಮುಚ್ಚು." ತೆಗೆದ ಸ್ಲೈಡನ್ನು ಎರಡು ಕೀಲಿ ಒತ್ತಿ ವಾಪಸು ತರಬಹುದು, ಆದರೆ ಕಡತವನ್ನು ಉಳಿಸಿ ಮುಚ್ಚಿಬಿಟ್ಟರೆ ಆ ದಾರಿ ಇಲ್ಲ. ಇದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಬೇಡದ ಸ್ಲೈಡನ್ನು ಅಳಿಸದೆ ಮರೆಮಾಡುವ ಒಂದು ಉಪಾಯವೂ ಉಂಟು. ಕಡತದಲ್ಲಿ ಇರುತ್ತದೆ, ಪರದೆಗೆ ಬರುವುದಿಲ್ಲ. ನಾನು ಒಮ್ಮೆ, "ಮರೆಮಾಡೋಣ ಸಾರ್, ಅಳಿಸೋದು ಯಾಕೆ?" ಎಂದೆ. ಮೇಷ್ಟ್ರು ಆಗ ತಮ್ಮದೇ ಕಥೆ ಹೇಳಿ ನಕ್ಕರು. ಹಿಂದೊಮ್ಮೆ ಕಮಿಟಿ ಬಂದಾಗ ಪ್ರಯೋಗಾಲಯದ ಸೂರು ಸೋರುತ್ತಿದ್ದ ಚಿತ್ರವಿರುವ ಸ್ಲೈಡನ್ನು ಅವರು ಹೀಗೆಯೇ ಮರೆಮಾಡಿದ್ದರಂತೆ. ಪರದೆಯ ಮೇಲೆ ಬರಲಿಲ್ಲ. ಆದರೆ ಕಮಿಟಿಯವರ ಕೈಗೆ ಕೊಡಲು ಮುದ್ರಿಸಿದ ಹಾಳೆಗಳಲ್ಲಿ ಮರೆಮಾಡಿದ್ದೂ ಸೇರಿ ಎಲ್ಲವೂ ಅಚ್ಚಾಗಿ ಬಂದಿತ್ತು. ಅಧ್ಯಕ್ಷರು ಆ ಹಾಳೆ ಎತ್ತಿ ಹಿಡಿದು, "ಇದು ಲ್ಯಾಬಾ, ಸ್ನಾನದ ಮನೆಯಾ?" ಎಂದು ಕೇಳಿದರಂತೆ.

"ಅವತ್ತೇ ಬುಟ್ಬುಟ್ಟೆ ಕಣಮ್ಮ. ಅಡಗ್ಸಿಟ್ಟದ್ದು ಯಾವತ್ತಾರ ಎದ್ ಬತ್ತದೆ. ಅಳಿಸ್ಬುಟ್ರೆ ನೆಮ್ದಿ."

ಅವರ ಕಣ್ಣು ಕೆಟ್ಟದ್ದಾಗಿತ್ತು ಎಂದು ಹೇಳಿದರೆ ಅನ್ಯಾಯ. ಒಳ್ಳೆಯ ಕಣ್ಣೇ. ನನ್ನ ಮೊದಲ ಸ್ಲೈಡುಗಳಲ್ಲಿ ನಾನು ಪುಸ್ತಕವನ್ನೇ ಇಳಿಸಿದ್ದೆ. ಅಕ್ಷರಗಳು ಒಂದರ ಮೇಲೊಂದು ಹತ್ತಿ ಕೂತಿದ್ದವು. ಮೇಷ್ಟ್ರು ಅರ್ಧಕ್ಕರ್ಧ ತೆಗೆಸಿದರು. ಆ ದಿನ ಪಾಠ ಮುಗಿದಾಗ ಹಿಂದಿನ ಬೆಂಚಿನ ಹುಡುಗಿಯರೂ ಪ್ರಶ್ನೆ ಕೇಳಿದರು. "ನೋಡ್ದಾ? ಬ್ಯಾಡದ್ದು ತೆಗುದ್ರೆ ಬೇಕಾದ್ದು ಕಾಣ್ತದೆ" ಎಂದರು ಮೇಷ್ಟ್ರು. ಆ ಮಾತನ್ನು ನಾನು ಇವತ್ತಿಗೂ ಹುಡುಗರಿಗೆ ಹೇಳುತ್ತೇನೆ. ಯಾರಿಗೆ ಬೇಡದ್ದು, ಯಾರಿಗೆ ಬೇಕಾದ್ದು ಎಂಬುದನ್ನು ಮಾತ್ರ ನಾನು ಆಮೇಲೆ ಕಲಿತೆ.

ನಮ್ಮಪ್ಪನನ್ನು ಮಂಡ್ಯದ ಆಸ್ಪತ್ರೆಗೆ ಸೇರಿಸಿದಾಗ ಹಾಸಿಗೆ ಸಿಗದೆ ವರಾಂಡದಲ್ಲಿ ಮಲಗಿಸಿದ್ದರು. ಮೇಷ್ಟ್ರ ಮನೆ ಮಂಡ್ಯದಲ್ಲೇ, ಗುತ್ತಲಿನಲ್ಲಿ. ಫೋನು ಮಾಡಿದ ಸ್ವಲ್ಪ ಹೊತ್ತಿಗೆಲ್ಲ ಬಂದರು, ಚಪ್ಪಲಿ ಜೋಡಿ ತಪ್ಪಿ ಹಾಕಿಕೊಂಡಿದ್ದರು. ಅವರ ಹಳೆಯ ವಿದ್ಯಾರ್ಥಿಯೊಬ್ಬ ಅಲ್ಲಿ ಡಾಕ್ಟರನಾಗಿದ್ದ. ಅವನನ್ನು ಹುಡುಕಿ, "ಲೇ, ಇವ್ರು ನಮ್ಮೋರು ಕಣ್ಲಾ" ಎಂದು ಹೇಳಿ ಹಾಸಿಗೆ ಕೊಡಿಸಿಯೇ ಹೋದರು. ಆ 'ನಮ್ಮೋರು' ಎಂಬ ಮಾತು ಕೇಳಿ ನಮ್ಮವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನೂ ಅದನ್ನು ಬಹಳ ದಿನ ನಂಬಿದ್ದೆ.

ಒಮ್ಮೆ ವಿದ್ಯಾರ್ಥಿಯೊಬ್ಬನ ಮದುವೆಗೆಂದು ಬೆಳಕವಾಡಿಗೆ ಬಂದವರು ನಮ್ಮ ಕೇರಿಗೂ ಬಂದರು. ಗೋಡೆಯ ಮೇಲಿನ ಬುದ್ಧನ ಪಟ ನೋಡಿ, "ಚೆನ್ನಾಗದೆ" ಎಂದರು. ಅವ್ವ ಲೋಟ ತಿಕ್ಕಿ ತಿಕ್ಕಿ ತೊಳೆದು ಕಾಫಿ ತಂದಳು. "ಈಗ್ತಾನೆ ಮದ್ವೆ ಮನೇಲಿ ಕುಡ್ದೆ ಕಣವ್ವ, ಒಟ್ಟೇಲಿ ಜಾಗಿಲ್ಲ" ಎಂದು ಎರಡೂ ಕೈ ಜೋಡಿಸಿದರು. ನಾನೂ ಮಳವಳ್ಳಿಗೆ ಹೋಗಬೇಕಿತ್ತು, ಅವರ ಕಾರಿನಲ್ಲೇ ಹತ್ತಿಸಿಕೊಂಡರು. ಮಳವಳ್ಳಿಯಲ್ಲಿ ಗಾಡಿ ನಿಲ್ಲಿಸಿ ಹೋಟೆಲಿಗೆ ಹೋಗಿ ಎರಡು ಕಾಫಿ, ಒಂದು ಪ್ಲೇಟ್ ಬೋಂಡ ಹೇಳಿದರು. ಬೋಂಡವನ್ನು ಚಟ್ನಿಯಲ್ಲಿ ಅದ್ದಿ ಅದ್ದಿ ತಿಂದರು. ಒಂದು ಕಾಫಿಯನ್ನು ನನ್ನ ಮುಂದೆ ಸರಿಸಿದರು. ನಾನು ಕುಡಿದೆ.

ಇನ್ನು ಗಿಡಗಳ ವಿಷಯ. ನಮ್ಮ ವಿಭಾಗದಲ್ಲಿ ಒಂದು ದೊಡ್ಡ ಬೀರು ಇದೆ. ಅದರ ತುಂಬ ಒಣಗಿಸಿ ಒತ್ತಿದ ಗಿಡಗಳು. ಗಿಡವನ್ನು ಬೇರುಸಮೇತ ಕಿತ್ತು, ಹಳೆಯ ಪತ್ರಿಕೆಗಳ ನಡುವೆ ಇಟ್ಟು, ಮೇಲೆ ಭಾರ ಹೇರಿ, ದಿನಾ ಪತ್ರಿಕೆ ಬದಲಿಸುತ್ತ ಒಣಗಿಸಬೇಕು. ಆಮೇಲೆ ದಪ್ಪ ಹಾಳೆಗೆ ಹೊಲಿದು ಹೆಸರು ಬರೆಯಬೇಕು. ಮಳವಳ್ಳಿ, ಮದ್ದೂರು, ಮಂಡ್ಯ ತಾಲ್ಲೂಕುಗಳ ಬದು, ನಾಲೆ, ಶಿಂಷಾ ದಂಡೆಯ ಗಿಡಗಳೆಲ್ಲ ಆ ಬೀರುವಿನಲ್ಲಿವೆ. ಅದನ್ನು ಮಾಡಿದವಳು ನಾನು. ವರ್ಷಗಟ್ಟಲೆ ಭಾನುವಾರಗಳನ್ನು ಅದಕ್ಕೇ ಸುರಿದೆ. ಅವ್ವ ಜೊತೆಗೆ ಬರುತ್ತಿದ್ದಳು. ಅಣ್ಣೆ ಸೊಪ್ಪು, ಕನ್ನೆ ಸೊಪ್ಪು, ಗಣಿಕೆ, ತುಂಬೆ ಎಂದು ನಮ್ಮ ಕಡೆಯ ಹೆಸರುಗಳನ್ನು ಹೇಳುತ್ತಿದ್ದಳು. ಮೇಷ್ಟ್ರು ಹೊಲಕ್ಕೆ ಬಂದದ್ದೇ ಇಲ್ಲ. ನಿಡಘಟ್ಟದ ಕಡೆ ಗದ್ದೆ ತೋಟ ಇದ್ದ ಮನೆಯ ಮಗ. ಕೆಸರು ದಾಟಿ ಬಂದವರಿಗೆ ಮತ್ತೆ ಕೆಸರಿಗಿಳಿಯುವ ಆಸೆ ಇರುವುದಿಲ್ಲವೇನೋ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತದೆ ಗಾದೆ. ಕೈ ಯಾರದು, ಬಾಯಿ ಯಾರದು ಎಂದು ಅದು ಹೇಳುವುದಿಲ್ಲ.

ಆ ವರ್ಷ ಕಾಲೇಜಿಗೆ ದರ್ಜೆ ಕೊಡುವ ಕಮಿಟಿ ಬರುವುದಿತ್ತು. ನಮ್ಮ ವಿಭಾಗದಲ್ಲಿ ಒಂದು ಕಾಯಂ ಹುದ್ದೆ ಖಾಲಿ ಇತ್ತು. ಆಡಳಿತ ಮಂಡಳಿಯ ಕಾರ್ಯದರ್ಶಿಗಳು ಸಿಬ್ಬಂದಿ ಸಭೆಯಲ್ಲಿ ಎಲ್ಲರ ಮುಂದೆ, "ಕಮಿಟಿಯವ್ರು ಯಾರ ಕೆಲಸ ಮೆಚ್ತಾರೋ ಅವರನ್ನೇ ಆ ಜಾಗಕ್ಕೆ ತಗೋತೀವಿ" ಎಂದರು. ಎಲ್ಲರೂ ನನ್ನ ಕಡೆ ತಿರುಗಿ ನೋಡಿದರು. ಆ ಬೀರು ಬಿಟ್ಟರೆ ವಿಭಾಗದಲ್ಲಿ ತೋರಿಸಲು ಬೇರೇನೂ ಇರಲಿಲ್ಲ. ಅಂದು ಬಸ್ಸಿನಲ್ಲಿ ನಿಂತು ಹೋದದ್ದು ನನಗೆ ಗೊತ್ತೇ ಆಗಲಿಲ್ಲ.

ನಾನು ಸ್ಲೈಡು ಮಾಡಿದೆ. ಗಿಡಗಳ ಚಿತ್ರ, ಹೆಸರು, ಸಿಕ್ಕಿದ ಜಾಗ. ಕೊನೆಗೆ ಒಂದೇ ಒಂದು ಸ್ಲೈಡು: ಬದುವಿನ ಮೇಲೆ ಅವ್ವ ಅಣ್ಣೆ ಸೊಪ್ಪು ಹಿಡಿದು ಕೂತಿದ್ದಾಳೆ, ಪಕ್ಕದಲ್ಲಿ ನಾನು, ಕೆಳಗೆ 'ಸಂಗ್ರಹ' ಎಂದು ನನ್ನ ಹೆಸರು, 'ಸ್ಥಳೀಯ ಹೆಸರುಗಳು' ಎಂದು ಅವ್ವನ ಹೆಸರು.

ಮೇಷ್ಟ್ರು ಬೆನ್ನಹಿಂದೆ ನಿಂತು ಎಲ್ಲವನ್ನೂ ನೋಡಿದರು. ಮೊದಲು ಹೂವಿನ ಎರಡು ಸ್ಲೈಡು ತೆಗೆಸಿದರು. ಒಂದೇ ಹೂವು ಎರಡು ಸಲ ಬಂದಿತ್ತು, ಅದು ಸರಿಯೇ. ಆಮೇಲೆ ಗಲ್ಲ ಚಾಚಿದರು.

"ಆ ಕೊನೇದು."

"ಅದು ಇರ್ಲಿ ಸಾರ್."

"ಯಾಕಮ್ಮ? ಗಿಡ ನೋಡಕ್ಕೆ ಬರೋರ್ಗೆ ನಿಮ್ಮವ್ವನ್ ತೋರ್ಸೀಯಾ?"

"ಅವ್ವಂದು ತೆಗೀತೀನಿ. ನನ್ ಹೆಸರು ಇರ್ಲಿ."

ಮೇಷ್ಟ್ರು ಬಹಳ ಮೆತ್ತಗೆ, ಮಗಳಿಗೆ ಹೇಳುವಂತೆ ಹೇಳಿದರು: "ಗೆಸ್ಟ್ ಮಾಡವ್ಳೆ ಅಂತ ಬಂದ್ರೆ ಕಾಯಂ ಆದೋರು ಏನ್ ಮಾಡ್ತಿದ್ರು ಅಂತ ಕೇಳ್ತಾರೆ. ಏನಂತ ಏಳನಾ? ಡಿಪಾರ್ಟ್‌ಮೆಂಟ್ ಮರ್ವಾದೆ ಕಣಮ್ಮ. ನಿಂದು ಆಯ್ತದೆ ಬುಡು. ನಾನಿಲ್ವಾ? ತೆಗಿ."

ನಾನು ಆ ಸಣ್ಣ ಚಿತ್ರದ ಮೇಲೆ ಒತ್ತಿದೆ. ಸುತ್ತ ಒಂದು ಚೌಕಟ್ಟು ಬಂತು. ಇನ್ನೊಂದು ಕೀಲಿ ಒತ್ತಿದೆ. ಕೆಳಗೆ ಬೇರೆ ಸ್ಲೈಡು ಇರಲಿಲ್ಲವಾದ್ದರಿಂದ ಮೇಲಿನ ಗಿಡ ಬಂದು ಆ ಜಾಗದಲ್ಲಿ ಕಾಣಿಸಿತು. "ಸೇವ್ ಮಾಡು. ಮುಚ್ಚು" ಎಂದರು. ಅದನ್ನೂ ಮಾಡಿದೆ. ನನ್ನ ಮುಂದಿನ ವರ್ಷದ ನೇಮಕಕ್ಕೆ ಸಹಿ ಹಾಕಬೇಕಾದವರು ನನ್ನ ಕುರ್ಚಿಯ ಹಿಂದೆ ನಿಂತಿದ್ದಾಗ ನಾನು ಇನ್ನೇನು ಮಾಡಬಹುದಿತ್ತು ಎಂದು ಇವತ್ತು ಯಾರಾದರೂ ನನಗೆ ಬುದ್ಧಿ ಹೇಳಲು ಬಂದರೆ, ಅವರು ಕಾಯಂ ನೌಕರರೇ ಎಂದು ಮೊದಲು ಕೇಳುತ್ತೇನೆ.

ಕಮಿಟಿ ಬಂತು. ಕಮಿಟಿಯವರು ಬೀರು ತೆರೆಯುವುದಿಲ್ಲ, ಪರದೆ ನೋಡುತ್ತಾರೆ. ಗಿಡ ಹೊಲಿದ ಪ್ರತಿ ಹಾಳೆಯ ಮೂಲೆಯಲ್ಲಿ ಪೆನ್ನಿನಲ್ಲಿ ಬರೆದ ನನ್ನ ಹೆಸರು ಇದ್ದೇ ಇತ್ತು. ಬೀರುವಿನ ಬಾಗಿಲ ಹತ್ತಿರವೂ ಯಾರೂ ಹೋಗಲಿಲ್ಲ. ನಾನು ಸಭಾಂಗಣದ ಹಿಂದಿನ ಸಾಲಿನಲ್ಲಿ ಕಂಪ್ಯೂಟರಿನ ಮುಂದೆ ಕೂತು, ಮೇಷ್ಟ್ರು ತಲೆಯಾಡಿಸಿದಾಗಲೆಲ್ಲ ಸ್ಲೈಡು ಮುಂದೂಡುತ್ತಿದ್ದೆ. ಕಮಿಟಿಯ ಹೆಂಗಸೊಬ್ಬರು ಬಹಳ ಮೆಚ್ಚಿಕೊಂಡರು. "ಇಷ್ಟೊಂದು ಸಂಗ್ರಹಿಸಿದ್ದು ಯಾರು?" ಎಂದು ಕೇಳಿದರು.

ಮೇಷ್ಟ್ರು ವೇದಿಕೆಯ ಮೇಲಿಂದ ನನ್ನನ್ನು ನೋಡಿದರು. ನೋಡಲಿಲ್ಲ ಎಂದು ಹೇಳಿ ನಾನು ಅವರಿಗೆ ಉಪಕಾರ ಮಾಡಲಾರೆ. ನೇರವಾಗಿ ನನ್ನ ಕಣ್ಣನ್ನೇ ನೋಡಿದರು. ಬೆನ್ನಿಗೆ ಕಟ್ಟಿದ್ದ ಕೈ ಮುಂದೆ ಬಂದು ಅಂಗಿಯ ಗುಂಡಿ ಹಿಡಿಯಿತು.

"ನಮ್ಮ ವಿಭಾಗದ ಕೆಲಸ ಮೇಡಂ. ನನ್ನ ಬಹಳ ದಿನದ ಕನಸು" ಎಂದರು.

ಚಪ್ಪಾಳೆ ಬಿತ್ತು. ವಿಭಾಗಕ್ಕೆ ಒಳ್ಳೆಯ ಅಂಕ ಬಂತು. ಖಾಲಿ ಹುದ್ದೆಗೆ ಕಾರ್ಯದರ್ಶಿಗಳ ಹೆಂಡತಿಯ ಕಡೆಯ ಹುಡುಗನೊಬ್ಬ ಬಂದ. ಕೆಟ್ಟವನಲ್ಲ, ನನ್ನನ್ನು ಅಕ್ಕ ಎನ್ನುತ್ತಾನೆ, ನನ್ನ ಟಿಪ್ಪಣಿ ನೋಡಿ ಪಾಠ ಮಾಡುತ್ತಾನೆ. ನೇಮಕದ ಸುದ್ದಿ ಬಂದ ದಿನ ಮೇಷ್ಟ್ರು ನನ್ನ ಮೇಜಿನ ಮೇಲೆ ಒಂದು ಪೊಟ್ಟಣ ವಡೆ ಇಟ್ಟು, "ಬೇಜಾರ್ ಮಾಡ್ಕಬ್ಯಾಡ, ನಿಂದು ಆಯ್ತದೆ" ಎಂದು ಹೋದರು. ಆ ವಡೆಯನ್ನು ನಾನು ತಿನ್ನಲಿಲ್ಲ, ಬಸ್‌ಸ್ಟ್ಯಾಂಡಿನ ನಾಯಿಗೆ ಹಾಕಿದೆ. ಸಣ್ಣತನ ಇರಬಹುದು. ನನ್ನ ಕೈಯಲ್ಲಿ ಅಷ್ಟೇ ಇದ್ದದ್ದು.

ಮೇಷ್ಟ್ರು ನಿವೃತ್ತರಾದರು. ಗುತ್ತಲಿನ ಮನೆಯಲ್ಲೇ ಇದ್ದರು. ಆಮೇಲೆ ಎದೆನೋವು ಬಂದು ಹೋಗಿಬಿಟ್ಟರು. ನಿಜ ಹೇಳಬೇಕೆಂದರೆ, ಸುದ್ದಿ ಕೇಳಿದಾಗ ನನಗೆ ಮೊದಲು ಅಳು ಬಂತು. ಆಸ್ಪತ್ರೆಯ ವರಾಂಡದಲ್ಲಿ ತಪ್ಪು ಚಪ್ಪಲಿ ಹಾಕಿಕೊಂಡು ನಿಂತವರು ನೆನಪಾದರು. ಅಳು ನಿಂತ ಮೇಲೆ ಸಿಟ್ಟು ಬಂತು, ಅದು ಇನ್ನೂ ಇಳಿದಿಲ್ಲ.

ಕಾರ್ಯದರ್ಶಿಗಳ ಫೋನು ಬಂತು. ಕಾಲೇಜಿನಲ್ಲಿ ನುಡಿನಮನ ಇಟ್ಟಿದ್ದೇವೆ, ಮೇಷ್ಟ್ರ ಬದುಕಿನ ಮೇಲೆ ಸ್ಲೈಡು ನೀನೇ ಮಾಡು ಎಂದರು. "ಅವರ ಕೈಕೆಳಗೆ ಪಳಗಿದವಳು ನೀನು. ಆ ಗಿಡದ ಬೀರು ದೊಡ್ಡದಾಗಿ ಬರ್ಲಿ. 'ಮೇಷ್ಟ್ರ ಕನಸಿನ ಕೂಸು' ಅಂತ ಹಾಕು." ಈ ವರ್ಷದ ಅತಿಥಿಗಳ ನೇಮಕಕ್ಕೆ ಸಹಿ ಹಾಕುವವರು ಈಗ ಅವರೇ.

ಮೇಷ್ಟ್ರ ಹೆಂಡತಿ ಫೋಟೋಗಳನ್ನು ಕಳಿಸಿದ್ದರು. ಮದುವೆಯದು, ಮೊಮ್ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡದ್ದು, ಕಾಲೇಜಿನ ಮುಂದೆ ನಿಂತದ್ದು. ವಿಭಾಗದಲ್ಲಿ ಮಧ್ಯಾಹ್ನ ಒಬ್ಬಳೇ ಕೂತು ಎಲ್ಲವನ್ನೂ ಜೋಡಿಸಿದೆ. ಚೆನ್ನಾಗಿಯೇ ಜೋಡಿಸಿದೆ, ಒಂದೇ ಫೋಟೋ ಎರಡು ಸಲ ಬರದಂತೆ, ಅಕ್ಷರ ಹೆಚ್ಚಾಗದಂತೆ. ಬೀರುವಿನ ಸ್ಲೈಡನ್ನೂ ಮಾಡಿದೆ, ಹೇಳಿದ ಮಾತನ್ನೇ ಹಾಕಿದೆ. ಮಾಡಿ, ಅದನ್ನು ನೋಡುತ್ತ ಕೂತೆ. ಆ ಮಾತಿನ ಜಾಗದಲ್ಲಿ ನನ್ನ ಹೆಸರು ಹಾಕುವ ಯೋಚನೆಯೂ ಬಂತು. ಸತ್ತವರ ಸಭೆಯಲ್ಲಿ ನನ್ನ ಹೆಸರು ಯಾಕೆ? ಬೇಡ ಎನಿಸಿತು. ಆದರೆ ಆ ಬೀರು ಅವರದು ಎಂದು ಎರಡನೇ ಸಲ ನನ್ನ ಕೈಯಿಂದಲೇ ತೋರಿಸಲು ನನ್ನಿಂದ ಆಗಲಿಲ್ಲ. ಅದರ ಮೇಲೆ ಒತ್ತಿ ಅಳಿಸಿದೆ. ಉಳಿಸಿ ಮುಚ್ಚಿದೆ. ಹೆದರಿಕೆ ಆಗಲಿಲ್ಲ ಎಂದರೆ ಸುಳ್ಳು.

ನುಡಿನಮನದ ದಿನ ಸಭಾಂಗಣ ತುಂಬಿತ್ತು. ಹಾರ ಹಾಕಿದ ಫೋಟೋದ ಪಕ್ಕದಲ್ಲೇ ಪರದೆ. ಸ್ಲೈಡುಗಳು ಬಂದವು, ಹೋದವು. ಮೊಮ್ಮಗುವಿನ ಫೋಟೋ ಬಂದಾಗ ಹಲವರು ಕಣ್ಣೊರೆಸಿಕೊಂಡರು. ಕೊನೆಯ ಸ್ಲೈಡು ಮುಗಿದು ದೀಪ ಹಾಕಿದಾಗ ಕಾರ್ಯದರ್ಶಿಗಳು ಒಮ್ಮೆ ನನ್ನ ಕಡೆ ನೋಡಿದರು. ಆ ನೋಟದ ಅರ್ಥ ನನ್ನ ನೇಮಕದ ಆದೇಶ ಬರುವ ಹೊತ್ತಿಗೆ ಗೊತ್ತಾಗುತ್ತದೆ, ಅಥವಾ ಬಾರದಿರುವ ಹೊತ್ತಿಗೆ.

ಜನ ಕರಗಿದ ಮೇಲೆ ಮೇಷ್ಟ್ರ ಹೆಂಡತಿ ನಾನಿದ್ದಲ್ಲಿಗೇ ಬಂದರು. ನನ್ನ ಕೈ ಹಿಡಿದುಕೊಂಡು ಪಕ್ಕದ ಕುರ್ಚಿಯಲ್ಲಿ ಕೂತರು.

"ಬೋ ಚೆನ್ನಾಗಿ ಮಾಡಿದ್ದೀಯ ಕಣವ್ವ. ಆ ಗಿಡದ್ ಬೀರು ಬರ್ನೇ ಇಲ್ವಲ್ಲ?"

ಸುಳ್ಳು ಹೇಳಬಹುದಿತ್ತು. ಕಂಪ್ಯೂಟರು ಕೈಕೊಟ್ಟಿತು ಎಂದಿದ್ದರೆ ಮುಗಿಯುತ್ತಿತ್ತು.

"ತೆಗ್ದೆ ಕಣಮ್ಮ. ಅದು ಅವ್ರು ಮಾಡಿದ್ದಲ್ಲ. ನಾನ್ ಮಾಡಿದ್ದು."

ಅವರು ಕೈ ಬಿಡುತ್ತಾರೆ, ಎದ್ದು ಹೋಗುತ್ತಾರೆ ಎಂದುಕೊಂಡಿದ್ದೆ. ಅವರು ಕೈ ಬಿಡಲಿಲ್ಲ.

"ಗೊತ್ತು ಕಣವ್ವ. ನಂಗ್ ಗೊತ್ತಿಲ್ವಾ? ಅವ್ರು ಮನೇಲಿ ಒಂದು ತುಳ್ಸಿ ಗಿಡಕ್ಕೂ ನೀರು ಉಯ್ದೋರಲ್ಲ. 'ಆ ಬೆಳಕವಾಡಿ ಉಡುಗಿ ಒಬ್ಳೇ ಮಾಡವ್ಳೆ, ಅಂಗೆ ಮಾಡಕ್ಕೆ ನಮ್ ಕೈಲಿ ಯಾರ್ ಕೈಲೂ ಆಗಲ್ಲ' ಅಂತಿದ್ರು. ಉಣ್ಣಕ್ಕೆ ಕೂತಾಗೆಲ್ಲ ಅದ್ನೇ ಏಳೋರು. ಬಂದ ನೆಂಟರಿಗೂ ಏಳೋರು. ನಮ್ ಮನೇಲಿ ಎಲ್ರಿಗೂ ಗೊತ್ತು."

ಗುತ್ತಲಿನ ಆ ಮನೆಯಲ್ಲಿ, ತಟ್ಟೆಯ ಮುಂದೆ, ನೆಂಟರ ಎದುರಿಗೆ ನನ್ನ ಹೆಸರು ಇಷ್ಟು ವರ್ಷ ಓಡಾಡಿಕೊಂಡಿತ್ತು. ಮೇಷ್ಟ್ರು ಮರೆತಿರಬಹುದು, ತಾವೇ ಮಾಡಿದ್ದೆಂದು ನಂಬಿಬಿಟ್ಟಿರಬಹುದು ಎಂದು ನಾನು ಎಷ್ಟೋ ಸಲ ಅವರ ಪರವಾಗಿ ಯೋಚಿಸಿದ್ದೆ. ಅದೂ ಹೋಯಿತು.

"ಮನ್ಸಲ್ಲಿ ನಿನ್ನ ಬಾಳ ಮೇಲೆ ಮಡಗಿದ್ರು ಕಣವ್ವ" ಎಂದರು ಆಯಮ್ಮ. ಆಮೇಲೆ ನನ್ನ ಮುಖ ನೋಡಿ, ಸಂಕೋಚದಿಂದ ಕೇಳಿದರು: "ಇಲ್ಲಿ, ಎಲ್ರು ಮುಂದೆ ಏಳ್ಬೇಕಿತ್ತು ಅಂತೀಯಾ?"

"ಒಂದ್ಸಲ ಏಳಿದ್ರೆ ಸಾಕಾಗಿತ್ತು ಕಣಮ್ಮ" ಎಂದೆ.